ಮೂರನೆಯ ಬಾಣ

ಬನಹಟ್ಟಿಯ ನೇಕಾರರ ಸಂಘವೊಂದರಲ್ಲಿ ಪ್ರಭುಲಿಂಗನು ಗುಮಾಸ್ತನಾಗಿದ್ದನು. ಪೂರ್ತಿ ಗುಮಾಸ್ತನಲ್ಲ, ಹಂಗಾಮಿ. ಮೀಸೆ ನರೆತರೂ ಆ ಹಂಗಾಮಿತನ ಮಾತ್ರ ಎಳೆಯದಾಗಿಯೇ ಉಳಿದಿತ್ತು. ಖಾಯಂ ಮಾಡಿರೆಂದು ಕೇಳಿದಾಗಲೆಲ್ಲ ಅಧ್ಯಕ್ಷ ಹೊಳಬಸಪ್ಪನವರು ಎಲೆಯಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ವರ್ಗ ಮಾಡಿ, “ನೋಡೂಣು ತಗೋ” ಎನ್ನುತ್ತಿದ್ದರು.

೨೦೦೪ರ ಸುಮಾರಿಗೆ ಸಂಘಕ್ಕೆ ಕಂಪ್ಯೂಟರು ಬರುವುದೆಂದು ನಿಶ್ಚಯವಾಯಿತು. ಅದಕ್ಕೆ ಮೊದಲು ಸಂಘದ ಕೆಲಸ ಹೇಗೆ ಸಾಗುತ್ತದೆ, ಎಲ್ಲೆಲ್ಲಿ ಏನೇನು ಬೇಕು ಎಂಬುದನ್ನು ಚಿತ್ರವಾಗಿ ಬರೆದುಕೊಡಬೇಕಂತೆ. ಆ ವಿದ್ಯೆ ಕಲಿಸುವ ಶಿಬಿರವು ಮುಧೋಳದಲ್ಲಿ ಏರ್ಪಟ್ಟಿತು. ಖಾಯಂ ನೌಕರರಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಆದ್ದರಿಂದ ಪ್ರಭುಲಿಂಗನು ಬಸ್ಸು ಹತ್ತಿದನು.

“ಚಿತ್ರ ಛಲೋ ಆತಂದ್ರ ನಿಂದೂ ನೋಡೂಣು” ಎಂದು ಅಧ್ಯಕ್ಷರು ಹರಸಿ ಕಳಿಸಿದರು.

ಶಿಬಿರದಲ್ಲಿ ಕಲಿಸಿದವರು ಧಾರವಾಡದ ಸರಿತಾ ಮೇಡಂ. “ಕೆಲಸಕ್ಕ ಚೌಕ, ಪ್ರಶ್ನೆಗೆ ವಜ್ರದ ಆಕಾರ, ಮುಂದಿನ ದಾರಿಗೆ ಬಾಣ. ಪ್ರಶ್ನೆಯಿಂದ ಹೊರಡೂದು ಎರಡ ಬಾಣ: ಹೌದು, ಇಲ್ಲ. ಪ್ರತಿ ಚೌಕದಾಗೂ ಆ ಕೆಲಸ ಮಾಡೋರ ಹೆಸರು ಇರಬೇಕು. ಹೆಂಗ ನಡೀಬೇಕು ಅನ್ನೂದನ್ನ ಬರೀಬ್ಯಾಡ್ರಿ, ಹೆಂಗ ನಡದೈತಿ ಅನ್ನೂದನ್ನ ಬರೀರಿ” ಎಂದರು.

ಪ್ರಭುಲಿಂಗನಿಗೆ ಹುಚ್ಚೇ ಹಿಡಿಯಿತು. ಮನೆಗೆ ಬಂದು ಅಡುಗೆಮನೆಯ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ವಜ್ರ ಬರೆದು, ಅದರೊಳಗೆ ‘ಚಹ ಬೇಕೇ?’ ಎಂದು ಬರೆದನು.

“ನಿಮ್ಮ ವಜ್ರಾ ಸುಡ್ಲಿ! ಬೇಕಂದ್ರ ಬೇಕನ್ರಿ, ಇಲ್ಲಿ ಹಾಲು ಉಕ್ಕಾಕತ್ತಾವ” ಎಂದಳು ಹೆಂಡತಿ ಶ್ರೀದೇವಿ.

ಮುಂದೆ ಸಂಘದ ಚಿತ್ರ. ನೇಕಾರರು ಸೀರೆ ತರುತ್ತಾರೆ: ಚೌಕ. ಅದು ಅಧ್ಯಕ್ಷರ ಮುಂದೆ ಬರುತ್ತದೆ: ಇನ್ನೊಂದು ಚೌಕ. ಸೀರೆ ಸರಿಯಿದೆಯೇ? ವಜ್ರ. ಹೌದಾದರೆ ಅಂಗಡಿಗೆ, ಇಲ್ಲವಾದರೆ ತಿರುಗಿ ನೇಕಾರರ ಮನೆಗೆ. ಇಷ್ಟಾದ ಮೇಲೆ ಅವನ ಪೆನ್ಸಿಲು ನಿಂತಿತು. ಸಂಘದಲ್ಲಿ ಯಾರಿಗೂ ‘ಇಲ್ಲ’ ಎಂದ ದಾಖಲೆಯೇ ಇರಲಿಲ್ಲ. ಎಳೆ ತಪ್ಪಿದ ಸೀರೆ ಬಂದರೆ ಅಧ್ಯಕ್ಷರು “ನೋಡೂಣು, ಇಡ್ರಿ” ಎನ್ನುವರು. ಸೀರೆಯು ಮೂಲೆಯ ಕಪಾಟಿಗೆ ಹೋಗುವುದು. ಅಲ್ಲಿ ಇಲಿಗಳನ್ನು ಬಿಟ್ಟರೆ ಅದನ್ನು ನೋಡಿದವರಿಲ್ಲ. ನಡೆದಂತೆ ಬರೆಯಬೇಕಲ್ಲವೇ? ಅವನು ವಜ್ರದಿಂದ ಮೂರನೆಯ ಬಾಣ ಎಳೆದು, ಕಪಾಟಿಗೆ ಮುಟ್ಟಿಸಿ, ಅದರ ಮುಂದೆ ‘ನೋಡುವುದು’ ಎಂದು ಚೌಕ ಹಾಕಿದನು.

ಆಡಳಿತ ಮಂಡಳಿಯ ಸಭೆಗೆ ಸರಿತಾ ಮೇಡಂ ಕೂಡ ಬಂದರು. ಚಿತ್ರವನ್ನು ಗೋಡೆಗೆ ತೂಗುಹಾಕಿದೊಡನೆ ಅಧ್ಯಕ್ಷರು, “ನನ್ನ ಚೌಕ ನೇಕಾರರ ಚೌಕದಷ್ಟ ಸಣ್ಣದ ಆತಲ್ಲೋ?” ಎಂದು ನೊಂದುಕೊಂಡರು. ಅದನ್ನು ಅಳಿಸಿ ದೊಡ್ಡದು ಮಾಡಿದ ಮೇಲೆ ಸಭೆ ಸಮಾಧಾನದಿಂದ ಮುಂದುವರಿಯಿತು.

“ಈ ಮೂರನೇ ಬಾಣ ತಗೀರಿ. ‘ಹೌದು’ ಇಲ್ಲಾಂದ್ರ ‘ಇಲ್ಲ’, ಎರಡರಾಗ ಒಂದ ಹೇಳ್ರಿ” ಎಂದರು ಮೇಡಂ.

“ಹೆಂಗ ಹೇಳಾಕ ಬರ್ತೈತ್ರಿ ಮೇಡಂ?” ಎಂದರು ಹೊಳಬಸಪ್ಪನವರು. “ಇಲ್ಲ ಅಂದ್ರ ನೇಕಾರರು ಜಗಳಕ್ಕ ಬರ್ತಾರ. ಹೌದಂದ್ರ ಗಿರಾಕಿ ಜಗಳಕ್ಕ ಬರ್ತಾರ. ನೋಡೂಣು ಅಂದ್ರ ಯಾರೂ ಬರೂದಿಲ್ಲ. ಸಂಘ ನಿಂತಿದ್ದ ಅದರ ಮ್ಯಾಲ.”

ಮೇಡಂ ನಕ್ಕರು. “ಆತು, ಬಾಣ ಇರಲಿ. ಆದ್ರ ‘ನೋಡುವುದು’ ಅನ್ನೂ ಚೌಕದಾಗ ಹೆಸರ ಇಲ್ಲ. ನೋಡೋರು ಯಾರ್ರೀ?”

ಪ್ರಭುಲಿಂಗನು ಪೆನ್ಸಿಲು ಹಿಡಿದು ಎದ್ದುನಿಂತು, “ನೋಡೂಣು ಅನ್ನೋರು ಅಧ್ಯಕ್ಷರ ಅಲ್ರೀ? ಅವರ ಹೆಸರ ಬರೀತೇನ್ರಿ” ಎಂದು ವಿನಯದಿಂದ ಹೇಳಿದನು.

ಅಡಿಕೆಯು ಅಧ್ಯಕ್ಷರ ಗಂಟಲಿಗೆ ಸಿಕ್ಕಿತು. “ಬ್ಯಾಡೋ ಮಾರಾಯಾ! ಹೆಸರ ಬಂತಂದ್ರ ಊರ ನೇಕಾರರೆಲ್ಲಾ ನನ್ನ ಮನಿ ಕಟ್ಟಿ ಮ್ಯಾಲ ಕುಂಡ್ರತಾರ! ನಿನ್ನ ಹೆಸರ ಹಾಕ್ಕೋ!”

“ಹಾಕ್ಕೋತಿದ್ದೆರಿ. ಆದ್ರ ಸಂಘದ ನಿಯಮದಾಗ ಮಾಲಿನ ಜವಾಬ್ದಾರಿ ಹಂಗಾಮಿ ನೌಕರಗ ಕೊಡಾಕ ಬರೂದಿಲ್ರಿ. ಖಾಯಂ ಇದ್ದವನ ಬೇಕ್ರಿ.”

“ಖಾಯಂದು ನೋಡೂ…” ಎಂದು ಅಧ್ಯಕ್ಷರ ಬಾಯಿ ತಾನಾಗಿ ತೆರೆಯಿತು. ಪ್ರಭುಲಿಂಗನ ಪೆನ್ಸಿಲು ಮೆಲ್ಲಗೆ ಚೌಕದತ್ತ ಸಾಗಿತು.

“ಹೌದಲೇ, ಹೌದು! ಖಾಯಂ! ನಿನ್ನ ಹೆಸರ ಬರಿ ಮೊದಲ!”

ಸಂಘವು ಹುಟ್ಟಿದಂದಿನಿಂದ ಆ ಕುರ್ಚಿಯಿಂದ ಬಂದ ಮೊದಲ ಹೌದು ಅದು. ಸದಸ್ಯರು ಚಪ್ಪಾಳೆ ತಟ್ಟಿದರು.

ಮರುದಿನ ಪ್ರಭುಲಿಂಗನು ಕಪಾಟು ತೆರೆದನು. ಮೇಲಿನ ಸೀರೆ ಯಂಕವ್ವನದು. ಅವಳು ನೇಯ್ದು ತಂದು ಎರಡು ಯುಗಾದಿ ಕಳೆದಿದ್ದವು. ಅವಳನ್ನು ಕರೆಸಿದನು. ಅವಳೆದುರಿಗೆ ನಿಂತಾಗ ಹಳೆಯ ಮಾತು ನಾಲಿಗೆಯ ತುದಿಗೆ ಬಂದಿತು, ನುಂಗಿಕೊಂಡನು.

“ಯಂಕವ್ವಾ, ಸೆರಗಿನಾಗ ಎಳಿ ತಪ್ಪ್ಯಾವು. ಸಂಘ ತಗೊಳ್ಳೂದಿಲ್ಲ.”

“ನಿನ್ನ ಬಾಯಾಗ ಮಣ್ಣ ಬೀಳ್ಲಿ!” ಎಂದಳು ಯಂಕವ್ವ. “ಈ ಮಾತು ಆವಾಗ ಅಂದಿದ್ರ ತೇರದಾಳ ಸಂತ್ಯಾಗ ಮಾರಿ ಬರ್ತಿದ್ದೆ. ಇಲ್ಲ ಅನ್ನಾಕ ಇಷ್ಟು ದಿನಾ ಬೇಕಾತೇನೋ ನಿಮಗ, ಮೀಸಿ ಹೊತ್ತೋರಿಗೆ?”

ಇಲಿ ಕಡಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಇನ್ನಷ್ಟು ಬೈದು, ಸೀರೆಯನ್ನು ಕಂಕುಳಿಗೆ ಸೇರಿಸಿಕೊಂಡು ಅವಳು ಬಸ್ಸಿಗೆ ನಡೆದಳು. ಬೈಗುಳ ಮುಗಿಯುವವರೆಗೂ ಖಾಯಂ ಗುಮಾಸ್ತನು ಎದ್ದು ನಿಂತೇ ಇದ್ದನು. ಆಮೇಲೆ ಬೆವರೊರೆಸಿಕೊಂಡು ಕಪಾಟಿನಿಂದ ಇನ್ನೊಂದು ಸೀರೆ ತೆಗೆದನು.