ದೊಡ್ಡ ಹಾಳೆಯ ನಕ್ಷೆ

ನಮ್ಮ ಯಜಮಾನರಿಗೆ ಲಕ್ವಾ ಹೊಡೆದ ಮೇಲೆ ಮಂಚ ನಡುಮನೆಗೆ ಬಂತು. ಹಾಲು ಕೊಳ್ಳಲು ಬಂದವರು, ಮಾವಿನ ತೋಟದ ಮಾತಿಗೆ ಬಂದವರು, ಎಲ್ಲರ ಎದುರೇ ಅವರ ಪಂಚೆ ಬದಲಾಯಿಸಬೇಕಿತ್ತು. ಅವರು ಗೋಡೆಗೆ ಮುಖ ತಿರುಗಿಸಿಕೊಳ್ಳುತ್ತಿದ್ದರು. "ಬಾಗಿಲು ಹಾಕ್ಕೊಳ್ಳೋ ಒಂದು ರೂಮು ಮಾಡಿಸೇ," ಎಂದರು ಒಂದು ದಿನ. ಬೇರೇನನ್ನೂ ಕೇಳಿದವರಲ್ಲ.

ಮೊಮ್ಮಗಳು ಕೋಲಾರದಲ್ಲಿ ಕಂಪ್ಯೂಟರಿನಲ್ಲಿ ಮನೆ ನಕ್ಷೆ ಬರೆಯುತ್ತಾಳೆ. ಹತ್ತಡಿ ಅಗಲದ ಕೋಣೆ, ಗಾಲಿಕುರ್ಚಿ ಹೋಗುವಷ್ಟು ಬಾಗಿಲು ಬರೆದು ಫೋನಿಗೆ ಕಳಿಸಿದಳು. "ಅಜ್ಜಿ, ಎ-ತ್ರೀ ಹಾಳೆಗೆ ಸೆಟ್ ಮಾಡಿದ್ದೀನಿ. ದೊಡ್ಡ ಹಾಳೆಲೇ ತೆಗೆಸು," ಎಂದಳು.

ಗೌನಿಪಲ್ಲಿಯ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆ ಇರಲಿಲ್ಲ. "ಶ್ರೀನಿವಾಸಪುರಕ್ಕೆ ಹೋಗ್ಬೇಕಮ್ಮ," ಎಂದ ಅಂಗಡಿಯವ. ಮಲಗಿದವರನ್ನು ಬಿಟ್ಟು ಅರ್ಧ ದಿನ ಎಲ್ಲಿಗೆ ಹೋಗಲಿ? "ಚಿಕ್ಕದ್ರಲ್ಲೇ ಹಿಡ್ಸಪ್ಪ, ಗೆರೆ ಅದೇ ತಾನೇ?" ಎಂದೆ. ಹಿಡಿಸಿಕೊಟ್ಟ.

ನಕ್ಷೆ ಕುಗ್ಗಿದಾಗ ಅಳತೆಯ ಅಂಕಿಗಳೂ ಸಾಸಿವೆಯಾಗಿದ್ದವು. ಮೇಸ್ತ್ರಿಗೆ ಕಾಣಲಿಲ್ಲ. ಕೆಳಗೆ ದಪ್ಪಕ್ಷರದಲ್ಲಿ ಒಂದಿಂಚಿಗೆ ನಾಲ್ಕಡಿ ಎಂದಿದ್ದುದನ್ನು ಮಾತ್ರ ಓದಿ, ಹಾಳೆಯ ಮೇಲೆ ಸ್ಕೇಲಿಟ್ಟು ಅಳೆದು ದಾರ ಕಟ್ಟಿದ. ಪಾಯ ನೋಡಿ ನನಗೆ ಚಿಕ್ಕದೆನಿಸಿತು. "ಪಾಯದಲ್ಲಿ ಯಾವ ಮನೆನೂ ಚಿಕ್ಕದಾಗೇ ಕಾಣ್ಸೋದು ದೊಡ್ಡಮ್ಮ," ಎಂದ. ಎಲ್ಲರೂ ಹೇಳುವ ಮಾತೇ. ಕಟ್ಟಲು ಹೇಳಿದೆ.

ಗೋಡೆ ಎದ್ದು ಚೌಕಟ್ಟು ನಿಂತ ದಿನ ಅವರನ್ನು ಕೂರಿಸಿಕೊಂಡು ಗಾಲಿಕುರ್ಚಿ ತಳ್ಳಿದೆ. ಎರಡೂ ಚಕ್ರ ಚೌಕಟ್ಟಿಗೆ ಬಡಿದವು. ಮೇಸ್ತ್ರಿ ಟೇಪು ಹಿಡಿದ. ಒಳಗೆ ಏಳಡಿ.

"ಮುದುಕಪ್ಪಂಗೆ ಇಷ್ಟು ಸಾಕು ಅಂತ ಬರೆಸಿದ್ದೀರ ಅಂದ್ಕೊಂಡೆ," ಎಂದ.

ಮೊಮ್ಮಗಳು ಬಂದು ಹಾಳೆ ನೋಡಿ ಅಲ್ಲೇ ಕೂತಳು. "ಚಿಕ್ಕ ಹಾಳೆನೇ ಇರೋದು ಅಂತ ಒಂದು ಫೋನ್ ಮಾಡೋದಲ್ವಾ ಅಜ್ಜಿ! ಒಂದಿಂಚಿಗೆ ನಾಲ್ಕಡಿ ಅನ್ನೋದು ದೊಡ್ಡ ಹಾಳೆಗೆ ಮಾತ್ರ. ಹಾಳೆ ಸೈಜು, ಸ್ಕೇಲು ಎರಡೂ ಬದಲಾಯ್ಸಿ ಕಳಿಸ್ತಿದ್ದೆ. ಎರಡು ನಿಮಿಷದ ಕೆಲ್ಸ."

ಗೊತ್ತಿರಲಿಲ್ಲ ಎನ್ನಲಿಲ್ಲ ನಾನು. ದೊಡ್ಡ ಹಾಳೆಯಲ್ಲೇ ಎಂದು ಅವಳು ಹೇಳಿದ್ದಳು.

ಮಾವಿನಕಾಯಿ ಇಳಿದು ದುಡ್ಡು ಬಂದ ಮೇಲೆ ಗೋಡೆ ಒಡೆದು ಕಟ್ಟುವುದೆಂದಾಯಿತು. ಅಲ್ಲಿಯವರೆಗೆ ಮಂಚದ ಸುತ್ತ ಹಳೆ ಸೀರೆ ಕಟ್ಟಿದೆ. ಗಾಳಿಗೆ ಅದು ಏಳುತ್ತಿತ್ತು. "ಬಿಡೇ, ನೋಡ್ದೋರ್ಗೇ ನಾಚಿಕೆ ಆಗ್ಲಿ," ಎಂದು ಅರ್ಧ ಬಾಯಲ್ಲಿ ನಕ್ಕರು. ಆಮೇಲೆ ಎಂದಿನಂತೆ ಗೋಡೆಯ ಕಡೆ ತಿರುಗಿದರು.

ಕಾಯಿ ಇಳಿಯುವ ಮೊದಲೇ ಹೋದರು. ಹೆಣಕ್ಕೆ ನೀರು ಹಾಕುವಾಗ ಅಂಗಳದ ತುಂಬ ಜನ. ಮರೆ ಹಿಡಿಯಿರಿ ಎಂದೆ. "ಗಂಡಸಿಗೇನಮ್ಮ ಮರೆ?" ಎಂದರು ಯಾರೋ. ಒಂದು ಹೊದಿಕೆ ಬಿಡಿಸಿ ನಾನೇ ಎತ್ತಿ ಹಿಡಿದು ನಿಂತೆ. ಒಬ್ಬಳ ಕೈಗೆ ಒಂದೇ ಮಗ್ಗುಲು ಮರೆಯಾಯಿತು.