ಗಂಡು ಜಿಂಕೆಯನ್ನು ಹೆಣ್ಣೆಂದು ಬರೆದವನು

ಗೇಟು ತೆರೆದಿಟ್ಟವರು ನೀವಲ್ಲ, ವೆಂಕಟಪ್ಪನವರೇ. ಯಾರೂ ತೆರೆದಿಡಲಿಲ್ಲ. ಆ ಗಂಡು ಜಿಂಕೆಯನ್ನು ಹೆಣ್ಣುಗಳ ಬೇಲಿಯೊಳಗೆ ಸೇರಿಸಿದವನು ನಾನು – ನೀವು ಬೇಡವೆಂದರೂ ಸೇರಿಸಿದವನು.

ಎಂಬತ್ತರ ದಶಕದ ಮೊದಲ ವರ್ಷಗಳು. ಜಯನಗರದ ಆ ಪಾರ್ಕಿಗೆ ನೀವು ಮಾಲಿ, ನಾನು ವಾರ್ಡ್ ಕಚೇರಿಯ ಗುಮಾಸ್ತ. ಮಕ್ಕಳು ನೋಡಲೆಂದು ತಂದ ಒಂದು ಜೋಡಿ ಜಿಂಕೆ ದೊಡ್ಡ ಹಿಂಡಾಗಿ, ಬೇಲಿ ಹಾರಿ, ಸುತ್ತಲ ಮನೆಗಳ ದಾಸವಾಳ, ಕರಿಬೇವು ಮೇಯತೊಡಗಿತ್ತು. ಒಂದು ಮನೆಯವರು ಬಿಸಿಲಿಗೆ ಹಾಕಿದ್ದ ಸಂಡಿಗೆಯೂ ಹೋಯಿತು. ದೂರಿನ ಮೇಲೆ ದೂರು. ಕೊಲ್ಲುವಂತಿಲ್ಲ, ಕಾಡಿಗೆ ಬಿಡಲು ಅನುಮತಿ ಬರಲಿಲ್ಲ.

"ಮನುಷ್ಯರಿಗೇ ಕುಟುಂಬ ಯೋಜನೆ ಐತೆ, ಇವಕ್ಕೂ ಮಾಡಿ" ಎಂದರು ಸಭೆಯಲ್ಲಿ ವಾರ್ಡಿನ ಸದಸ್ಯರು. ಗಂಡು, ಹೆಣ್ಣು ಹಾರಲಾಗದಷ್ಟು ಎತ್ತರದ ಬೇರೆ ಬೇರೆ ಬೇಲಿಯಲ್ಲಿ – ಹಾಗೆಂದು ತೀರ್ಮಾನವಾಯಿತು. ಆದೇಶದ ಕರಡು ನನ್ನದೇ: ಕೊಂಬುಳ್ಳವನ್ನು ಗಂಡೆಂದೂ ಇಲ್ಲದವನ್ನು ಹೆಣ್ಣೆಂದೂ ಪರಿಗಣಿಸತಕ್ಕದ್ದು. ನಾನು ಜಿಂಕೆಯನ್ನು ಹತ್ತಿರದಿಂದ ನೋಡಿದ್ದು ಅಲ್ಲಿಯವರೆಗೆ ಕ್ಯಾಲೆಂಡರಿನಲ್ಲಿ ಮಾತ್ರ.

ಬೇರ್ಪಡಿಸುವ ದಿನ ಒಂದನ್ನು ಹಿಡಿದುಕೊಂಡು ನೀವು ತಡೆದಿರಿ. "ಸಾರ್, ಇದು ಗಂಡು. ಕೊಂಬು ಉದುರೈತೆ ಅಷ್ಟೆ. ವರ್ಷಾ ವರ್ಷಾ ಉದುರ್ತದೆ, ಮತ್ತೆ ಬರ್ತದೆ."

ಬೇಲಿಯಾಚೆ ದೂರು ಕೊಟ್ಟ ಹೆಂಗಸರೆಲ್ಲ ನಿಂತು ನೋಡುತ್ತಿದ್ದರು. ಅವರೆದುರು ಮಾಲಿಯಿಂದ ಪಾಠ ಹೇಳಿಸಿಕೊಳ್ಳುವುದೇ – ಎನಿಸಿತು. "ಆದೇಶ ಓದಿದ್ದೀಯಾ? ಕೊಂಬಿಲ್ಲ ಅಂದ್ರೆ ಹೆಣ್ಣು. ಆ ಕಡೆ ಬಿಡು" ಎಂದೆ. ಬಿಟ್ಟಿರಿ. ಅದು ಒಳಗೆ ಹೋದ ಸಂಭ್ರಮ ನೋಡಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು.

ಕೆಲವು ವಾರ ಕಳೆದು ನೀವೇ ಕಚೇರಿಗೆ ಬಂದು ಪಿಸುಗುಟ್ಟಿದಿರಿ: "ಸಾರ್, ನಿಮ್ಮ ಹೆಣ್ಣಿಗೆ ಕೊಂಬು ಬರ್ತಾ ಐತೆ." ಸದ್ದಿಲ್ಲದೆ ಅದನ್ನು ಗಂಡುಗಳ ಕಡೆಗೆ ಸಾಗಿಸಿದೆವು. ಯಾರಿಗೂ ಹೇಳಬೇಡ ಎಂದೆ. "ನಾನ್ಯಾಕೇಳ್ಲಿ ಸಾರ್" ಎಂದಿರಿ.

ಮೊದಲೇ ಗಬ್ಬವಾಗಿದ್ದವೆಲ್ಲ ಈದು ಮುಗಿದ ಮೇಲೆ ಮತ್ತೆ ಐದು ಮರಿ ಹುಟ್ಟಿದವು. "ಬರೀ ಹೆಣ್ಣಿರೋ ಕಡೆ ಮರಿ ಹೆಂಗ್ರೀ ಬಂತು?" ಎಂದು ಸಾಹೇಬರು ಇಬ್ಬರನ್ನೂ ನಿಲ್ಲಿಸಿ ಕೇಳಿದರು. ನಾನು – ಒಂದು ಗಳಿಗೆಯೂ ಯೋಚಿಸದೆ – "ವೆಂಕಟಪ್ಪ ಗೇಟು ಹಾಕೋದು ಮರೆತಿರ್ಬೇಕು ಸಾರ್" ಎಂದೆ.

ನೀವು ಒಮ್ಮೆ ನನ್ನನ್ನು ನೋಡಿ ತಲೆ ತಗ್ಗಿಸಿದಿರಿ. ಕೊಟ್ಟ ಮಾತು ಉಳಿಸಿಕೊಂಡಿರಿ. ನಿಮ್ಮ ಸೇವಾ ಪುಸ್ತಕದಲ್ಲಿ 'ನಿರ್ಲಕ್ಷ್ಯ' ಎಂದು ಬರೆದದ್ದೂ ನನ್ನ ಕೈಯೇ. ನಿಮ್ಮನ್ನು ಊರಾಚೆಯ ಸ್ಮಶಾನದ ಗಿಡಗಳಿಗೆ ನೀರು ಹಾಕಲು ಕಳಿಸಿದರು. ನನಗೆ ಬಡ್ತಿ ಬಂತು.

ನಾಲ್ಕೈದು ವರ್ಷದ ಮೇಲೆ ಬನಶಂಕರಿ ಬಸ್ ಸ್ಟಾಪಿನಲ್ಲಿ ಸಿಕ್ಕಿದಿರಿ. ಬೈಯುತ್ತೀರೆಂದುಕೊಂಡೆ. "ಜಿಂಕೆಗಳು ಹೆಂಗವೆ ಸಾರ್?" ಎಂದಿರಿ. "ಚೆನ್ನಾಗಿವೆ" ಎಂದು, ಯಾವ ಬಸ್ಸೆಂದೂ ನೋಡದೆ ಹತ್ತಿಬಿಟ್ಟೆ. ಕತ್ರಿಗುಪ್ಪೆಯಲ್ಲಿ ಇಳಿದು ನಡೆದೇ ವಾಪಸು ಬಂದೆ – ನೀವು ಹೊರಟುಹೋಗಿದ್ದಿರಿ. ಹೋಗಿರಲಿ ಎಂದೇ ನಿಧಾನ ನಡೆದಿದ್ದೆ.

ಚಿಕ್ಕಲಸಂದ್ರದಲ್ಲಿ ನಿಮ್ಮ ಮನೆ ಎಲ್ಲೆಂದು ಈಗ ಕೇಳಿ ತಿಳಿದಿದ್ದೇನೆ. ಭಾನುವಾರ ಬರುತ್ತೇನೆ. ನಿಮ್ಮ ಹೆಂಡತಿ ಮಕ್ಕಳೂ ಕೂತು ಕೇಳಲಿ – ತಪ್ಪು ನಿಮ್ಮದೆಂದು ಅವರೂ ಇಷ್ಟು ವರ್ಷ ನಂಬಿರಬಹುದು. ಒಳಗೆ ಕರೆಯದಿದ್ದರೆ ಬೀದಿಯಲ್ಲಿ ನಿಂತೇ ಹೇಳುತ್ತೇನೆ.