ಸತ್ತ ಚಿಕ್ಕಿಗಳ ಉಡಿಕಿ

ಬಂಗಾರದ ವಿಷಯದಲ್ಲಿ ಯಾರಾದರೂ ನನಗೆ ಬುದ್ಧಿ ಹೇಳಲು ಬಂದರೆ ಮೂಗಿನ ತುದಿಗೆ ಸಿಟ್ಟು ಬರುತ್ತದೆ. ಐದನೆಯ ಇಯತ್ತೆಗೆ ಶಾಲೆ ಬಿಟ್ಟ ಪತ್ತಾರ, ಅಂದರೆ ಅಕ್ಕಸಾಲಿಗ, ನಾನು. ಮುಂದೆ ಓದಿದ್ದೆಲ್ಲ ಸವದತ್ತಿ ಪೇಟೆಯಲ್ಲಿ, ಒರೆಗಲ್ಲಿನ ಮೇಲೆ. ಕಲ್ಲಿಗೆ ಉಜ್ಜಿದ ಗೆರೆಯ ಬಣ್ಣ ನೋಡಿ ಬಂಗಾರದ ಕುಲಗೋತ್ರ ಹೇಳುತ್ತಿದ್ದೆ. ಆದರೆ ಅದು ಹುಟ್ಟಿದ ಊರು ಮಾತ್ರ ಗೊತ್ತಿರಲಿಲ್ಲ.

ಅದನ್ನು ತಿಳಿಸಿದವರು ಮನೋಳಿಯ ನದಾಫ ಮಾಸ್ತರರು, ವಿಜ್ಞಾನ ಕಲಿಸುವವರು. ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಮೂಗಿನ ಮೇಲಿನ ಚಾಳೀಸು ಮುರಿದು, ಅದನ್ನು ಬೆಸೆಸಿಕೊಳ್ಳಲು ನನ್ನ ಅಂಗಡಿಯಲ್ಲಿ ಕೂತಿದ್ದರು. ಆಗ ರಾಮದುರ್ಗದ ಕಡೆಯ ಶಾಂತವ್ವ ಬಂದಳು. ಗಂಡ ಸತ್ತು ನಾಲ್ಕು ವರ್ಷ. ಬರುವ ಸೋಮವಾರ ಉಡಿಕಿ. ವಿಧವೆಗೆ ಮತ್ತೆ ತಾಳಿ ಕಟ್ಟುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಒಂದು ಅಂಗೈಯಲ್ಲಿ ಹಳೆಯ ತಾಳಿ, ಇನ್ನೊಂದರಲ್ಲಿ ಹೊಸಬ ಕೊಟ್ಟ ಬಂಗಾರದ ತುಣುಕು. ಹಳೆಯದನ್ನು ಮಾರಿಬಿಡು ಎಂದು ಮನೆಯವರೆಲ್ಲ ಹೇಳಿದ್ದಾರೆ; ಅವಳಿಗೆ ಮನಸ್ಸಿಲ್ಲ.

“ಸತ್ತಾಂವನ ಬಂಗಾರ ಇದರಾಗ ಕೂಡಿಸಿದ್ರ ಹೊಸಾ ಬಾಳೇಕ ಕೇಡಂತರಿ. ಖರೇನ್ರಿ ಪತ್ತಾರರ?”

ನಾನು ಎಲ್ಲ ಬಲ್ಲವನಂತೆ ಊದುಗೊಳವಿ ಒರೆಸುತ್ತ ಕೂತೆ. ಚಾಳೀಸಿಲ್ಲದ ಮಾಸ್ತರರು ನನ್ನ ಕಪಾಟನ್ನೇ ಅವಳೆಂದು ತಿಳಿದು ಪಾಠ ಸುರು ಮಾಡಿದರು. ಬಂಗಾರ ಈ ಭೂಮಿಯದ್ದೇ ಅಲ್ಲವಂತೆ. ಉರಿದು ಮುಗಿದ ಎರಡು ಚಿಕ್ಕಿಗಳು, ಅಂದರೆ ನಕ್ಷತ್ರಗಳು, ಅಗಲ ಒಂದು ತಾಲೂಕಿನಷ್ಟು, ತೂಕ ಸೂರ್ಯನಿಗಿಂತ ಹೆಚ್ಚು, ಯುಗಯುಗ ಒಂದನ್ನೊಂದು ಸುತ್ತಿ ಸುತ್ತಿ ಕೊನೆಗೆ ಕೂಡಿಬಿಡುತ್ತವಂತೆ. ಆಗ ಬಂಗಾರ ಹುಟ್ಟುತ್ತದೆಂದು ಬಲ್ಲವರ ಊಹೆ. ಹೊಸದಾಗಿ ಹುಟ್ಟಿದ ಧಾತುಗಳಿಗೆ ಮೊದಮೊದಲು ತಳಮಳ; ಗಾಮಾ ಎಂಬ ಕಣ್ಣಿಗೆ ಕಾಣದ ಕಿರಣ ಬಿಡುತ್ತ ಬಿಡುತ್ತ ಒಂದು ರೂಪಕ್ಕೆ ನಿಲ್ಲುತ್ತವೆ. ಒಂದೊಂದರ ಕಿರಣಕ್ಕೂ ಅದರದೇ ಗುರುತು.

ಅಂದರೆ ಗೆರೆ, ಎಂದುಕೊಂಡೆ. ನನಗೆ ಆಕಾಶವೆಲ್ಲ ಒಂದು ಕರಿಯ ಒರೆಗಲ್ಲಾಗಿ ಕಂಡಿತು. ಆ ಗೆರೆ ಕಂಡವರು ಯಾರೆಂದು ಕೇಳಿದೆ. ಇನ್ನೂ ಯಾರೂ ಕಂಡಿಲ್ಲ, ಲೆಕ್ಕ ಹಾಕಿ ಕಾಯುತ್ತಿದ್ದಾರೆ ಎಂದರು. ಕಲ್ಲು ಮುಂದಿಟ್ಟುಕೊಂಡು ದಾರಿ ಕಾಯುವ ಪತ್ತಾರರು ಬೇರೆ ಕಡೆಯೂ ಇದ್ದಾರಲ್ಲ ಎಂದು ಒಳಗೊಳಗೇ ಹಿಗ್ಗಿದೆ.

“ಹಿಂಗ ಕೂಡೂದಕ್ಕ ವಿಲೀನ ಅಂತಾರ,” ಅಂದರು ಮಾಸ್ತರರು.

“ವಿಲೀನ ಯಾಕರಿ ಮಾಸ್ತರ, ಉಡಿಕಿ ಅನ್ರಿ.”

ಬಾಯಿ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಶಾಂತವ್ವ ಸಿಟ್ಟಾಗಲಿಲ್ಲ. ಮಾಸ್ತರರ ಕಡೆಗೇ ತಿರುಗಿದಳು.

“ಆ ಚಿಕ್ಕಿ ಎರಡೂ ಸತ್ತಿದ್ವೇನ್ರಿ?”

“ಸತ್ತ ಮ್ಯಾಲೇ ಕೂಡಿದ್ದವ್ವಾ.”

ಅವಳು ಎರಡೂ ಅಂಗೈಗಳನ್ನು ಒಟ್ಟಿಗೆ ನನ್ನ ಮೂಸೆಯೊಳಗೆ ಬಗ್ಗಿಸಿದಳು.

ಊದಿದೆ. ತಾಳಿ ಮೊದಲು ಅಂಚು ಕಳೆದುಕೊಂಡಿತು, ಆಮೇಲೆ ತುಣುಕು. ಎರಡು ಹನಿಗಳು ನಡುಗುತ್ತ ಹತ್ತಿರ ಸರಿದು, ನಾನು ನೋಡನೋಡುತ್ತಿದ್ದಂತೆ ಒಂದಾದವು. ಅಚ್ಚಿಗೆ ಹೊಯ್ದು, ರೂಢಿಯಂತೆ ತಣ್ಣೀರಿಗೆ ಅದ್ದಲು ಇಕ್ಕಳ ಚಾಚಿದೆ. ಶಾಂತವ್ವ ಕೈ ಅಡ್ಡ ಹಿಡಿದಳು.

“ತಡೀರಿ, ಈಗರೆ ಕೂಡ್ಯಾವ. ತಮ್ಮಷ್ಟಕ್ಕ ತಾವ ಆರಲಿ. ನಾ ಕುಂದರತೇನಿ.”